ಹತ್ತು ಲೀಟರ್ ಆರಾಗುವವರೆಗೆ

ಫೆಬ್ರವರಿ 2

ನೀರು ಪರೀಕ್ಷಕರಿಗೆ ನಮಸ್ಕಾರ.

ಹನ್ನೆರಡು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಕುಶಲ ಕೇಳುವುದಕ್ಕಲ್ಲ, ಆದ್ದರಿಂದ ಗಾಬರಿ ಬೇಡ. ನೀರಿನ ವಿಷಯ.

ನಿವೃತ್ತಿಯಾದ ಮೇಲೆ ಮಗಳ ಮನೆಯಲ್ಲಿದ್ದೇನೆ. ಅಳಿಯ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಊರ ಅಂಚಿನ ಬಾಡಿಗೆ ಮನೆ. ನಲ್ಲಿ ನೀರಿನ ಲೈನು ಎರಡು ಬೀದಿ ಆಚೆಗೇ ನಿಂತುಬಿಟ್ಟಿದೆ. ಹಿತ್ತಲಲ್ಲಿ ಒಂದು ಬೋರ್‌ವೆಲ್ ಇದೆ. ಅದರ ನೀರು ಬಕೆಟ್ಟಿಗೆ ಬೀಳುವಾಗ ಕನ್ನಡಿಯ ಹಾಗೆ ಇರುತ್ತದೆ, ಒಂದು ಗಂಟೆ ಬಿಟ್ಟು ನೋಡಿದರೆ ಕೆಂಪಗೆ. ಮಗಳ ಬಿಳಿ ಬಟ್ಟೆಗಳೆಲ್ಲ ಕಾವಿ ಹಿಡಿದಿವೆ. ಸೋಪು ಉಜ್ಜಿ ಉಜ್ಜಿ ಕೈ ಸವೆಯಬೇಕೇ ಹೊರತು ನೊರೆ ಬರುವುದಿಲ್ಲ. ಇಷ್ಟು ಸಾಲದು ಎಂಬಂತೆ ಬಚ್ಚಲಿಗೆ ಹೋದರೆ ಕೊಳೆತ ಮೊಟ್ಟೆಯ ವಾಸನೆ.

ಮೂವತ್ತೊಂದು ವರ್ಷ ಒಂದಿಡೀ ಊರಿಗೆ ನೀರೆತ್ತಿದವನು ನಾನು. ಎತ್ತುವುದಷ್ಟೇ ನನ್ನ ಕೆಲಸವಾಗಿತ್ತು, ಅದರೊಳಗೆ ಏನಿದೆ ಎಂದು ಇಣುಕುವುದು ನಿಮ್ಮದು. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಆದರೆ ಇಲ್ಲಿ ಸಿಕ್ಕವರೆಲ್ಲ ಫಿಲ್ಟರು ಮಾರುವವರು, ನೀರು ಬಲ್ಲವರಲ್ಲ. ಒಂದು ಸೀಸೆ ನೀರು ಪಾರ್ಸೆಲ್ ಮಾಡಿದ್ದೇನೆ. ಫೋನು ಮಾಡಬೇಡಿ, ನನ್ನ ಕಿವಿ ಪಂಪ್ ಹೌಸಿಗೇ ದಾನವಾಗಿ ಹೋಗಿದೆಯೆಂದು ನಿಮಗೆ ಗೊತ್ತು. ಹೇಳಬೇಕಾದ್ದಷ್ಟನ್ನು ಬರೆಯಿರಿ.

ಇತಿ,
ಮಾಜಿ ಪಂಪ್ ಆಪರೇಟರ್


ಫೆಬ್ರವರಿ 9

ಪಂಪ್ ಆಪರೇಟರ್ ಅವರಿಗೆ,

ತಾವು ನೀರು ಕಳಿಸಿದ್ದು ಕೆಮ್ಮಿನ ಔಷಧಿಯ ಸೀಸೆಯಲ್ಲಿ. ಪರೀಕ್ಷೆ ಮಾಡಿದೆ. ತಮ್ಮ ಬೋರ್‌ವೆಲ್ಲಿಗೆ ಕೆಮ್ಮು ಖಂಡಿತ ಬರುವುದಿಲ್ಲ.

ಇನ್ನೊಮ್ಮೆ ಕಳಿಸಿ. ಮೊದಲು ಐದು ನಿಮಿಷ ನಲ್ಲಿ ಬಿಟ್ಟಿರಿ, ಶುದ್ಧವಾದ ಸೀಸೆಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕಂಠದವರೆಗೆ ತುಂಬಿ ಮುಚ್ಚಿ. ಇದನ್ನು ತಮಗೆ ಮೂವತ್ತು ವರ್ಷ ಹೇಳಿದ್ದೇನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಮೂವತ್ತೊಂದನೆಯ ವರ್ಷವೂ ಹೇಳಬೇಕಾಗುತ್ತದೆ.

ಕೆಂಪಾಗುವುದು ಕಬ್ಬಿಣದ ಅಂಶದಿಂದ. ಗಾಳಿ ತಾಗಿದೊಡನೆ ಕರಗಿದ್ದ ಕಬ್ಬಿಣ ತುಕ್ಕಾಗಿ ಹೊರಬೀಳುತ್ತದೆ. ಒಂದು ತಗಡಿನ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಎತ್ತರದಿಂದ ನೀರು ಮಳೆಯಂತೆ ಡ್ರಮ್ಮಿಗೆ ಬೀಳುವ ಹಾಗೆ ಮಾಡಿ. ಒಂದು ದಿನ ಅಲುಗಾಡಿಸದೆ ಬಿಟ್ಟು ಮೇಲಿನ ನೀರನ್ನು ಮರಳಿನಲ್ಲಿ ಸೋಸಿಕೊಳ್ಳಿ. ವಾಸನೆಯ ವಿಚಾರ: ತಣ್ಣೀರಿನಲ್ಲೂ ಬರುತ್ತದೆಯೋ, ಗೀಸರಿನ ಬಿಸಿನೀರಿನಲ್ಲಿ ಮಾತ್ರವೋ? ಗಮನಿಸಿ ಬರೆಯಿರಿ.

ನಾನೀಗ ಒಂದು ಖಾಸಗಿ ಲ್ಯಾಬಿನಲ್ಲಿ ಬೆಳಗಿನ ಹೊತ್ತು ಕೂರುತ್ತೇನೆ. ಮೇಲಿನ ವಿಳಾಸಕ್ಕೇ ಕಳಿಸಬಹುದು.

ತಮ್ಮ ಮಗಳು ಚೆನ್ನಾಗಿದ್ದಾಳೆಂದು ಭಾವಿಸುತ್ತೇನೆ. ಅವಳ ಮದುವೆಯಾಯಿತೆಂದು ಯಾರ್ಯಾರಿಂದಲೋ ಕೇಳಿದೆ.

ಇತಿ,
ಪರೀಕ್ಷಕ


ಫೆಬ್ರವರಿ 15

ಪರೀಕ್ಷಕರೇ,

ನಲವತ್ತು ತೂತಿನ ಡಬ್ಬಿ ಕಟ್ಟಿದ್ದೇನೆ. ಡ್ರಮ್ಮಿನ ತಳದಲ್ಲಿ ಕೂತ ರಾಡಿ ನೋಡಬೇಕಿತ್ತು ನೀನು, ಇಟ್ಟಿಗೆ ಅರೆದು ಸುರಿದ ಹಾಗಿತ್ತು. ನೀನು ಎಂದು ಬರೆದುಬಿಟ್ಟೆ. ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ, ಹಾಗೇ ಇರಲಿ.

ವಾಸನೆ ಬಿಸಿನೀರಿನಲ್ಲಿ ಮಾತ್ರ. ಹೊಸ ಸೀಸೆ ಕಳಿಸಿದ್ದೇನೆ, ಮೂರಲ್ಲ, ಐದು ಸಲ ತೊಳೆದಿದ್ದೇನೆ, ಸಮಾಧಾನವಾಯಿತೇ?

ಕುಡಿಯುವ ನೀರಿನ ಜವಾಬ್ದಾರಿ ನನ್ನದು. ಆ ಮೂರನೇ ನಂಬರ್ ಬಾವಿಗೆ ಚರಂಡಿ ನುಗ್ಗಿದಾಗ ಊರನ್ನು ಉಳಿಸಿದ್ದು ನಿಮ್ಮ ಪರೀಕ್ಷೆಯ ಚೀಟಿಯಲ್ಲ, ಮನೆಮನೆಯ ಒಲೆ. ಕುದಿಸಿ ಕುಡಿದವರು ಯಾರೂ ಕಾಯಿಲೆ ಬಿದ್ದು ಮಲಗಲಿಲ್ಲ. ಅದಕ್ಕೇ ಇಲ್ಲಿಯೂ ಹತ್ತು ಲೀಟರ್ ಇಟ್ಟು ಆರಾಗುವವರೆಗೆ ಕುದಿಸುತ್ತೇನೆ. ಉಳಿದದ್ದನ್ನು ಚೆಲ್ಲುವುದಿಲ್ಲ, ಅದರ ಮೇಲೇ ಹೊಸ ನೀರು ಸುರಿದು ಮತ್ತೆ ಕುದಿಸುತ್ತೇನೆ. ಎರಡೆರಡು ಸಲ ಬೆಂದ ನೀರು, ಯಾವ ಹುಳ ಬದುಕುತ್ತದೆ ಹೇಳು! ಈ ಮನೆಯಲ್ಲಿ ಕುದಿಸಿದ ನೀರು ದಿನಕ್ಕೆ ಏಳೆಂಟು ಸಲ ಬೇಕು. ಕೂತರೆ ನಿಂತರೆ ಅದೇ ಕೆಲಸ. ಕೂರಲು ನನಗೂ ಆಗುತ್ತಿಲ್ಲ, ಯಾಕೋ ಮೈಯಲ್ಲಿ ಒಂದೇ ಸಮನೆ ಚಡಪಡಿಕೆ.

ಮಗಳು ಚೆನ್ನಾಗಿದ್ದಾಳೆ. ಮದುವೆಯ ಕಾಗದ ಅಂಚೆಯಲ್ಲಿ ಕಳಿಸಿದ್ದೆ. ಬರುವ ಮನಸ್ಸಿದ್ದವರಿಗೆ ಅಷ್ಟು ಸಾಕಾಗುತ್ತಿತ್ತು.

ಇತಿ,
ಆಪರೇಟರ್


ಫೆಬ್ರವರಿ 22

ಆಪರೇಟರ್ ಅವರಿಗೆ,

ಕಾಗದ ತಲುಪಿತು. ಮದುವೆಯ ಕಾಗದವೂ ಅಂದು ತಲುಪಿತ್ತು. ನಮ್ಮ ಹೆಗಲ ಮೇಲೆ ಕೂತು ಕ್ವಾರ್ಟರ್ಸ್ ಸುತ್ತಿದ ಹುಡುಗಿಯ ಮದುವೆಗೆ, ಒಂದೇ ಗೋಡೆಯ ಪಕ್ಕದಲ್ಲಿ ಇಪ್ಪತ್ತು ವರ್ಷ ಇದ್ದ ಮನುಷ್ಯನನ್ನು ಅಂಚೆಯವನ ಕೈಯಲ್ಲಿ ಕರೆಸುವುದು ಯಾವ ಊರಿನ ಮರ್ಯಾದೆಯೋ ನನಗೆ ತಿಳಿಯದು.

ಫಲಿತಾಂಶ. ಕಬ್ಬಿಣ ಹೆಚ್ಚಿದೆ, ಡಬ್ಬಿ-ಮರಳಿನ ಏರ್ಪಾಡು ಮುಂದುವರಿಸಿ. ಗಡಸುತನ ಹೆಚ್ಚಿದೆ, ಸೋಪು ನೊರೆಯಾಗದ್ದಕ್ಕೆ ಅದೇ ಕಾರಣ. ಕುದಿಸಿದಾಗ ಸ್ವಲ್ಪ ಭಾಗ ಬಿಳಿ ಹೆಪ್ಪಾಗಿ ಪಾತ್ರೆಗೆ ಅಂಟುತ್ತದೆ. ವಿನೆಗರ್ ಸುರಿದು ಅರ್ಧ ಗಂಟೆ ಬಿಟ್ಟರೆ ಅದು ಬಿಡುತ್ತದೆ. ವಾಸನೆ ಬರುತ್ತಿರುವುದು ಗೀಸರಿನೊಳಗಿನ ಮೆಗ್ನೀಷಿಯಂ ಸರಳಿನಿಂದ. ಅದನ್ನು ತೆಗೆಸಿ ಅಲ್ಯೂಮಿನಿಯಂ-ಸತುವಿನದು ಹಾಕಿಸಿ. ತಿಂಗಳಿಗೊಮ್ಮೆ ಬೋರ್‌ವೆಲ್ಲಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಮಾರನೆಯ ದಿನ ವಾಸನೆ ಹೋಗುವವರೆಗೆ ನೀರು ಹೊರಗೆ ಬಿಡಿ.

ಇದಲ್ಲದೆ ನೈಟ್ರೇಟ್ ಎಂಬ ಲವಣ ಮಿತಿ ಮೀರಿದೆ. ಮನೆಯಲ್ಲಿ ದೊಡ್ಡವರಷ್ಟೇ ಇದ್ದೀರೆಂದು ಅಂದುಕೊಂಡಿದ್ದೇನೆ, ಹಾಗಿದ್ದರೆ ಸದ್ಯಕ್ಕೆ ಆತಂಕವಿಲ್ಲ. ಬೇರೆ ಯಾರಾದರೂ ಇದ್ದರೆ ತಿಳಿಸಿ. ಆಗ ಬೇರೆ ಮಾತು.

ಇತಿ,
ಪರೀಕ್ಷಕ


ಮಾರ್ಚ್ 1

ಪರೀಕ್ಷಕರಿಗೆ,

ಸರಳು ಬದಲಾಯಿಸಿದೆ, ವಾಸನೆ ಹೋಯಿತು. ವಿನೆಗರಿಗೆ ಪಾತ್ರೆ ಪಳಪಳ ಎನ್ನುತ್ತಿದೆ. ನಿಮ್ಮ ವಿದ್ಯೆಯ ಬಗ್ಗೆ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಮನುಷ್ಯನ ಬಗ್ಗೆ.

ನಮ್ಮ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎನ್ನುವುದು ನೀರಿನ ಪರೀಕ್ಷೆಗೆ ಬೇಕಾದ ಸಂಗತಿಯಲ್ಲ. ಹನ್ನೆರಡು ವರ್ಷ ಬೇಕಾಗಿರಲಿಲ್ಲ, ಈಗ ಯಾಕೆ? ಅಂದು ನಾನು ಮೂರನೇ ಬಾವಿಯ ಪಂಪು ನಿಲ್ಲಿಸಿರಲಿಲ್ಲ ಎಂದು ಮೇಲಿನವರಿಗೆ ಬರೆದಿರಲ್ಲ, ಬರೆಯುವ ಮುಂಚೆ ಗೋಡೆ ತಟ್ಟಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಎರಡು ತಿಂಗಳು ಕೆಲಸದಿಂದ ತೆಗೆದು ಕೂರಿಸಿದರು. ಅದನ್ನಾದರೂ ಮರೆತೇನು. ನೀವು ನನ್ನನ್ನು ಕೇಳಲಿಲ್ಲ ಎನ್ನುವುದನ್ನು ಮರೆಯಲಾರೆ.

ಆ ನೈಟ್ರೇಟಿನ ಚಿಂತೆ ನಿಮಗೆ ಬೇಡ. ಜಾಸ್ತಿ ಇದೆ ಅಂದಿರಿ, ನಾನೂ ಜಾಸ್ತಿ ಕುದಿಸುತ್ತಿದ್ದೇನೆ. ಈಗ ಹತ್ತು ಲೀಟರನ್ನು ಐದಕ್ಕೆ ಇಳಿಸುತ್ತೇನೆ.

ಇತಿ,
ಆಪರೇಟರ್

(ಇದೇ ಕಾಗದದ ಕೆಳಗೆ, ಬೇರೆ ಶಾಯಿಯಲ್ಲಿ)

ಮಾವ, ಕಾಗದ ಅಂಚೆಗೆ ಹಾಕಲು ನಾನು ಬಂದಿದ್ದೇನೆ. ಅಂಚೆ ಕಚೇರಿಯ ಕಿಟಕಿ ಮೇಲಿಟ್ಟು ಬರೆಯುತ್ತಿದ್ದೇನೆ, ಅಪ್ಪನಿಗೆ ಗೊತ್ತಿಲ್ಲ. ನನಗೆ ಎರಡೂವರೆ ತಿಂಗಳ ಮಗಳಿದ್ದಾಳೆ. ಹೆರಿಗೆಯ ಜ್ವರದಲ್ಲಿ ನನ್ನ ಹಾಲು ಬತ್ತಿತು, ಡಬ್ಬಿ ಹಾಲಿನ ಪುಡಿಯನ್ನು ಅಪ್ಪ ಕುದಿಸಿದ ನೀರಿಗೆ ಬೆರೆಸಿ ಕೊಡುತ್ತಿದ್ದೇವೆ. ನಾಲ್ಕು ದಿನದಿಂದ ಅವಳ ತುಟಿ, ಉಗುರು ನೀಲಿ ಬೂದು ಬಣ್ಣಕ್ಕೆ ತಿರುಗಿವೆ. ಅಳುವುದಕ್ಕೂ ಶಕ್ತಿಯಿಲ್ಲ. ಬೀದಿಯ ಡಾಕ್ಟರು ಥಂಡಿ ಅಂದರು, ಬೆಚ್ಚಗೆ ಸುತ್ತಿ ಅಂದರು. ಸುತ್ತಿದರೂ ಬಣ್ಣ ಬರುತ್ತಿಲ್ಲ. ನಿಮಗೆ ನೀರು ಗೊತ್ತು. ಇದು ನೀರಿನಿಂದಲೇ? ಏನಾದರೂ ಹೊಳೆದರೆ ತಡಮಾಡಬೇಡಿ.


ಮಾರ್ಚ್ 3. ಬಸ್ ಡ್ರೈವರ್ ಕೈಯಲ್ಲಿ. ಕೂಡಲೇ ಓದಬೇಕು.

ಗುಡುಗು,

ಮಗುವಿಗೆ ಆ ನೀರು ಇನ್ನೊಂದು ಹನಿ ಕೊಡಬೇಡ. ಕುದಿಸಿದ್ದನ್ನಂತೂ ಕೊಡಲೇಬೇಡ. ಈ ಕಾಗದ ಓದಿ ಮುಗಿಸುವುದಕ್ಕೂ ಕಾಯದೆ ಮಗುವನ್ನೆತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿ. ಡಾಕ್ಟರಿಗೆ ಕೆಳಗಿನ ಸಾಲು ತೋರಿಸಿ, ಬಾಯಲ್ಲಿ ಹೇಳುತ್ತಾ ನಿಲ್ಲಬೇಡ:

"ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಮಿತಿಯ ಎರಡೂವರೆ ಪಟ್ಟು ಇದೆ. ಮಗು ಬಾಟಲಿ ಹಾಲು ಕುಡಿಯುತ್ತಿದೆ. ಮೈ ನೀಲಿಯಾಗಿದೆ. ರಕ್ತದ ಬಣ್ಣ ನೋಡಿ."

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹುಳ ಸಾಯುತ್ತದೆ, ಇದು ಸಾಯುವುದಿಲ್ಲ. ಇದು ಉಪ್ಪಿನ ಜಾತಿ. ಸಾರು ಕುದಿದು ಇಂಗಿದರೆ ಉಪ್ಪಾಗುವುದಿಲ್ಲವೇ, ಹಾಗೆ ನೀರು ಹಬೆಯಾಗಿ ಹೋಗುತ್ತದೆ, ಇದು ತಳದಲ್ಲೇ ಉಳಿದು ದಟ್ಟವಾಗುತ್ತದೆ. ಎಳೆಯ ಮಕ್ಕಳ ರಕ್ತ ಇದರಿಂದ ಉಸಿರಿನ ಗಾಳಿ ಹೊರುವುದನ್ನು ಬಿಡುತ್ತದೆ.

ಡ್ರೈವರ್ ಹತ್ತಿರ ಎರಡು ಕ್ಯಾನ್ ನೀರು ಕಳಿಸಿದ್ದೇನೆ. ನಾನೇ ಪರೀಕ್ಷಿಸಿದ್ದು. ಹಾಲಿಗೆ ಇದನ್ನೇ ಬಳಸಿ.

ಸೀಸೆ


ಮಾರ್ಚ್ 6, ಆಸ್ಪತ್ರೆಯ ವರಾಂಡದಿಂದ

ಸೀಸೆ,

ಬದುಕಿದಳು. ಮೊದಲು ಅದನ್ನು ಓದಿಕೋ.

ಡ್ರೈವರ್ ಬಾಗಿಲು ಬಡಿದದ್ದು ನನಗೆಲ್ಲಿ ಕೇಳಬೇಕು! ಮಗಳು ಓಡಿದಳು. ಕಾಗದ ಓದುತ್ತಲೇ ಚಪ್ಪಲಿಯೂ ಇಲ್ಲದೆ ಮಗುವನ್ನೆತ್ತಿಕೊಂಡು ಬೀದಿಗಿಳಿದಳು. ನಾನು ನಿನ್ನ ಕಾಗದವನ್ನು ಬಾವುಟದ ಹಾಗೆ ಹಿಡಿದು ಹಿಂದೆ ಓಡಿದೆ. ನರ್ಸಮ್ಮ ಸೂಜಿ ಚುಚ್ಚಿ ತೆಗೆದ ರಕ್ತ ಕೆಂಪಗಿರಲಿಲ್ಲ, ಚಹಾದ ಕಷಾಯದ ಹಾಗೆ ಕಂದು. ಡಾಕ್ಟರಮ್ಮ ಅದನ್ನು ನೋಡಿದ್ದೇ ಒಂದು ನೀಲಿ ಇಂಜೆಕ್ಷನ್ ತರಿಸಿದರು. ನೀಲಿಗೆ ನೀಲಿಯೇ ಮದ್ದಂತೆ. ಒಂದು ಗಂಟೆ ಆಗಿರಬಹುದು, ನನಗಂತೂ ಮೂವತ್ತೊಂದು ವರ್ಷ ನಿಂತ ಹಾಗಾಯಿತು, ಕಿವಿಯ ತುದಿ ಮೊದಲು ಕೆಂಪಾಯಿತು, ಆಮೇಲೆ ತುಟಿ. ಆಮೇಲೆ ಕಿರುಚಿದಳು ನೋಡು, ನನಗೂ ಕೇಳಿಸಿತು.

"ಇನ್ನರ್ಧ ದಿನ ತಡ ಆಗಿದ್ರೆ ನನ್ನ ಕೈಲಿ ಏನೂ ಆಗ್ತಿರಲಿಲ್ಲ, ತಾತ" ಅಂದರು ಡಾಕ್ಟರಮ್ಮ, ನನ್ನ ಕಿವಿಯ ಹತ್ತಿರ ಬಂದು. "ನೀರು ಯಾರು ಕುದಿಸ್ತಿದ್ರು?" ಎಂದು ಕೇಳಿದರು.

"ನಾನು" ಅಂದೆ. ಬೇರೆ ಯಾರು?

ನನ್ನ ಕೈಯಾರೆ ಅವಳಿಗೆ ವಿಷ ಕಾಯಿಸಿದೆ, ಸೀಸೆ. ದಿನಕ್ಕೆ ಎಂಟು ಸಲ. ಹತ್ತನ್ನು ಆರು ಮಾಡಿದೆ, ಆರು ಸಾಲದೆ ಐದು ಮಾಡಿದೆ. ಹೆಮ್ಮೆಯಿಂದ ಮಾಡಿದೆ. ಈಗ ಅವಳನ್ನು ಮುಟ್ಟಲಾರೆ. "ಒಂದು ನಿಮಿಷ ಎತ್ಕೋ ಅಪ್ಪಾ" ಎಂದು ಮಗಳು ಕೊಟ್ಟರೆ ಕೇಳಿಸದವನ ಹಾಗೆ ಆಚೆ ಹೋಗುತ್ತೇನೆ. ಕಿವುಡನಾಗಿದ್ದಕ್ಕೆ ಇದೊಂದು ಅನುಕೂಲ. ವರಾಂಡದ ಈ ಕೊನೆಯಿಂದ ಆ ಕೊನೆಗೆ ಎಪ್ಪತ್ತೆರಡು ಹೆಜ್ಜೆ, ಬೆಳಗಿನಿಂದ ಎಷ್ಟು ಸಲ ಅಳೆದೆನೋ.

ನಿನ್ನನ್ನು ಬೈದು ಬೈದು ಬರೆದೆ, ಆದರೂ ನೀನು ಕ್ವಾರ್ಟರ್ಸಿನ ಆ ಹಳೆಯ ಅಡ್ಡಹೆಸರಿನಿಂದಲೇ ಗುಡುಗು ಎಂದು ಕರೆದೆ. ನೀನು ಕೇಳಿದ್ದೆ, ಬೇರೆ ಯಾರಾದರೂ ಇದ್ದಾರೆಯೇ ಎಂದು. ನಾನು ಜಂಬದಲ್ಲಿ ಹೇಳಲಿಲ್ಲ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ಎಲ್ಲ ನನ್ನದೇ. ಬೋರ್‌ವೆಲ್ಲಿಗೂ ಕಕ್ಕಸಿನ ಗುಂಡಿಗೂ ಹದಿನೈದೇ ಅಡಿಯಂತೆ, ಗೋಡೆಯಾಚೆ ದನದ ಕೊಟ್ಟಿಗೆಯ ತಿಪ್ಪೆ. ಕಣ್ಣಿದ್ದೂ ನೋಡಲಿಲ್ಲ. ಮನೆಯ ಪಾತ್ರೆಯಲ್ಲಿ ಉಳಿದಿದ್ದ ನೀರನ್ನು ನಿನಗೆ ಕಳಿಸಿದ್ದೇನೆ. ಎಷ್ಟಿತ್ತೆಂದು ತಿಳಿಸು. ತಿಳಿಯದೆ ಇರಲಾರೆ.

ಇತಿ,
ಗುಡುಗು


ಮಾರ್ಚ್ 10

ಗುಡುಗು,

ನೈಟ್ರೇಟಿನ ಮಿತಿ ಲೀಟರಿಗೆ ನಲವತ್ತೈದು ಮಿಲಿಗ್ರಾಂ. ನಿನ್ನ ಬೋರ್‌ವೆಲ್ಲಿನದು ನೂರ ಹತ್ತು. ಪಾತ್ರೆಯಲ್ಲಿ ಉಳಿದದ್ದು ಇನ್ನೂರ ಎಪ್ಪತ್ತು.

ಮೊದಲು ಕೆಲಸದ ಮಾತು. ಮೇಣದಬತ್ತಿಯಂಥ ಕಲ್ಲಿನ ಫಿಲ್ಟರು, ಇದ್ದಿಲಿನ ಫಿಲ್ಟರು, ಪಟಿಕ, ಬ್ಲೀಚಿಂಗ್, ಯಾವುದೂ ಇದನ್ನು ತೆಗೆಯುವುದಿಲ್ಲ. ಆರ್‌ಒ ಯಂತ್ರ ತೆಗೆಯುತ್ತದೆ. ಅದನ್ನು ಹಾಕಿಸಿದ ಮೇಲೂ ಹೊರಬಂದ ನೀರನ್ನು ಪರೀಕ್ಷಿಸದೆ ಮಗುವಿಗೆ ಕೊಡಕೂಡದು. ಅಲ್ಲಿಯವರೆಗೆ ಎರಡು ಬೀದಿ ಆಚೆಯ ನಲ್ಲಿ ನೀರು ತನ್ನಿ, ಅದರದ್ದೂ ಒಂದು ಸೀಸೆ ಕಳಿಸಿ. ಹುಳ ಸಾಯಲು ಒಂದು ನಿಮಿಷ ಕೊತಕೊತ ಕುದಿದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ.

ಇನ್ನು ಉಳಿದದ್ದು. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. "ನಿನ್ನ ತಪ್ಪು ಎಳ್ಳಷ್ಟೂ ಇಲ್ಲ" ಎಂದು ನೀನು ಬರೆಯದಿದ್ದರೆ ಬಹುಶಃ ಸುಮ್ಮನಿದ್ದುಬಿಡುತ್ತಿದ್ದೆ.

ನನಗೆ ಗೊತ್ತಿತ್ತು. ನಿನಗೆ ಮೊಮ್ಮಗಳು ಹುಟ್ಟಿದ್ದು ಜನವರಿಯಲ್ಲೇ ಗೊತ್ತಿತ್ತು. ನಮ್ಮ ಹಳೆಯ ಸ್ಟೋರ್ ಕೀಪರ್ ಬಸ್ ನಿಲ್ದಾಣದಲ್ಲಿ ಸಿಕ್ಕಿ, "ಗುಡುಗು ತಾತ ಆದ್ನಂತೆ, ನಿಂಗೆ ಹೇಳ್ಲಿಲ್ವಾ?" ಎಂದು ಕೇಳಿದ. ಹೇಳಿದ್ದಾನೆ ಎಂದು ಸುಳ್ಳು ಹೇಳಿದೆ. ಒಂದು ತಿಂಗಳಿಗೆ ನಿನ್ನ ಕಾಗದ ಬಂತು. ಅದರಲ್ಲಿ ಕಬ್ಬಿಣವಿತ್ತು, ಸೋಪಿತ್ತು, ಮೊಟ್ಟೆಯ ವಾಸನೆಯಿತ್ತು, ಮಗು ಇರಲಿಲ್ಲ. ಹೊಟ್ಟೆ ಉರಿಯಿತು ಕಣೋ.

ನೂರ ಹತ್ತು ಎಂದು ಕಂಡಾಗ ನಿನ್ನ ಮೊಮ್ಮಗಳೇ ನೆನಪಾದಳು. ಮಗುವಿಗೆ ಆ ನೀರು ಕೊಡಬೇಡ ಎಂದು ನೇರವಾಗಿ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ದೊಡ್ಡವರಷ್ಟೇ ಇದ್ದೀರೆಂದು ಅಂದುಕೊಂಡಿದ್ದೇನೆ, ಬೇರೆ ಯಾರಾದರೂ ಇದ್ದರೆ ತಿಳಿಸಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟೆ. ನಿನ್ನ ಬಾಯಿಂದಲೇ ಬರಲಿ, "ನನಗೆ ಮೊಮ್ಮಗಳಿದ್ದಾಳೆ ಸೀಸೆ" ಎಂದು ನೀನೇ ಬರೆಯುವಂತೆ ಮಾಡಬೇಕು ಎಂದು. ನೀನು ಆರಕ್ಕೆ ಇಳಿಸಿ ಕುದಿಸುತ್ತೀ ಎಂದು ಓದಿಯೂ ಅದು ತಪ್ಪೆಂದು ಹೇಳಲಿಲ್ಲ. ಮಗು ತಾಯಿಯ ಹಾಲು ಕುಡಿಯುತ್ತಿರುತ್ತದೆ, ಅವಸರವೇನಿಲ್ಲ ಅಂದುಕೊಂಡೆ. ಅಂದುಕೊಂಡೆ ಅಷ್ಟೇ, ಕೇಳಲಿಲ್ಲ. ಮೂರನೇ ಬಾವಿಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದೆ. ನಿನ್ನ ಕಾಗದಕ್ಕಾಗಿ ಒಂಬತ್ತು ದಿನ ಅಂಚೆಯವನ ದಾರಿ ನೋಡಿದೆ, ಗೆಲ್ಲುವವನ ಹಾಗೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನೀನು ತಿಳಿಯದೆ ಕಾಯಿಸಿದೆ. ನಾನು ತಿಳಿದೂ ಸುಮ್ಮನಿದ್ದೆ. ಅಂದು ಕ್ಯಾನುಗಳ ಜೊತೆ ಅದೇ ಬಸ್ಸಿಗೆ ನಾನೂ ಹತ್ತಬಹುದಿತ್ತು. ಕಾಲೆತ್ತಿ ಮೆಟ್ಟಿಲ ಮೇಲಿಟ್ಟು ಇಳಿದುಬಿಟ್ಟೆ. ಮುಖ ತೋರಿಸುವ ಧೈರ್ಯವಾಗಲಿಲ್ಲ.

ಈ ಕಾಗದವನ್ನು ಮಗಳಿಗೂ ಓದಲು ಕೊಡು.

ಸೀಸೆ


ಮಾರ್ಚ್ 14

ಮಾವ,

ಈ ಮನೆಯಲ್ಲಿ ಮೂರು ತಿಂಗಳ ಹೆಣ್ಣುಮಗುವಿದೆ. ಮೊದಲ ಸಾಲಿನಲ್ಲೇ ಬರೆದೆ. ಅಪ್ಪ ಬರೆಯಲಿಲ್ಲ, ನೀವು ಕೇಳಲಿಲ್ಲ, ಅದಕ್ಕೆ.

ನಿಮ್ಮ ಕಾಗದವನ್ನು ಅಪ್ಪ ಅಡುಗೆಮನೆಯಲ್ಲಿ ನಿಂತೇ ಓದಿದರು. ಎರಡನೆಯ ಸಲ ಓದಿದರು. ಅವರು ನಿಮ್ಮ ಮೇಲೆ ಕೂಗಾಡುತ್ತಾರೆ ಅಂದುಕೊಂಡೆ. ಕೂಗಿದರು, ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುವಷ್ಟು ಜೋರಾಗಿ. ಆದರೆ ಕೂಗಿದ್ದು ಇದು: "ನಂಗೂ ಗೊತ್ತಿತ್ತು ಕಣೇ! ಅವನಿಗೆ ಮಗು ವಿಷಯ ತಿಳಿದಿದೆ, ನನ್ನ ಬಾಯಿ ಬಿಡಿಸೋಕೇ ಹಂಗೆ ಬರೆದಿದಾನೆ ಅಂತ ಓದಿದ ತಕ್ಷಣ ಗೊತ್ತಾಯ್ತು. ಅದಕ್ಕೇ ಹೇಳಲಿಲ್ಲ. ಕಾಯ್ಲಿ ಅಂತ ಬಿಟ್ಟೆ." ಆಮೇಲೆ ನೆಲದ ಮೇಲೆ ಕೂತು ಅತ್ತರು. ಅವರ ದನಿಗೆ ಮಗು ಬೆಚ್ಚಿ ಅದೂ ಅತ್ತಿತು. ಇಬ್ಬರಲ್ಲಿ ಯಾರನ್ನು ಸಮಾಧಾನ ಮಾಡಲಿ ಎಂದು ನಾನು ನಡುವೆ ನಿಂತಿದ್ದೆ.

ಎಲ್ಲರಿಗೂ ಎಲ್ಲವೂ ಗೊತ್ತಿತ್ತು ಮಾವ. ಗೊತ್ತಿಲ್ಲದವಳು ನಾನೊಬ್ಬಳೇ. ನಿಮ್ಮಿಬ್ಬರ ಬಿಗುಮಾನಕ್ಕೆ ಒಂದು ಹಗ್ಗ ಬೇಕಿತ್ತು, ಆ ಕಡೆಯಿಂದ ನೀವು, ಈ ಕಡೆಯಿಂದ ಅಪ್ಪ ಎಳೆದಿರಿ, ನಡುವೆ ನನ್ನ ಮಗಳ ಉಸಿರಿತ್ತು. ನನ್ನ ಹಾಲು ಬತ್ತಿದ್ದಕ್ಕೇ ಹೀಗಾಯಿತು ಎಂದು ಆಸ್ಪತ್ರೆಯಲ್ಲಿ ಗೋಡೆಗೆ ತಲೆ ಚಚ್ಚಿಕೊಂಡಿದ್ದೇನೆ. ಆ ದಿನಗಳನ್ನು ಯಾರು ವಾಪಸ್ಸು ಕೊಡುತ್ತೀರಿ? ಲಾರಿಯಿಂದ ಬಂದ ಮನೆಯವರು, "ಇವರಿಬ್ಬರ ಸಹವಾಸವೇ ಬೇಡ" ಅಂದರು. ನನಗೂ ಹಾಗೇ ಅನ್ನಿಸಿದೆ. ನಿಮ್ಮನ್ನು ಕ್ಷಮಿಸಿಲ್ಲ. ಅಪ್ಪನನ್ನೂ ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ, ಸುಳ್ಳು ಹೇಳಲಾರೆ.

ಆದರೆ ನೀವು ಬಸ್ಸಿನಲ್ಲಿ ಕಳಿಸಿದ ಆ ಒಂದು ಸಾಲು ಅವಳನ್ನು ಬದುಕಿಸಿತು, ಅದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಒಂದು ಕಡೆ ಕೂರಲಾಗುತ್ತಿಲ್ಲ.

ಆರ್‌ಒ ಹಾಕಿಸಿದ್ದೇವೆ. ಮನೆಯ ಮಾಲೀಕರು ಗುಂಡಿ ಬೇರೆ ಕಡೆ ತೋಡಿಸಲು ಒಪ್ಪಿದ್ದಾರೆ. ಯಂತ್ರದ ನೀರು ಒಂದು ಸೀಸೆ, ನಲ್ಲಿಯದು ಒಂದು ಸೀಸೆ ಇದರ ಜೊತೆ ಬರುತ್ತವೆ. ಫಲಿತಾಂಶವನ್ನು ಇನ್ನು ಮೇಲೆ ನನ್ನ ಹೆಸರಿಗೆ ಬರೆಯಿರಿ, ಅಪ್ಪನ ಹೆಸರಿಗಲ್ಲ. ಅಡ್ಡ ಮಾತು ಬೇಡ. ಕುಡಿಯಬಹುದು ಅಥವಾ ಕುಡಿಯಬಾರದು, ಅಷ್ಟೇ.

ಅಪ್ಪ ಇವತ್ತಿಗೂ ಅವಳನ್ನು ಮುಟ್ಟಿಲ್ಲ. ಹನ್ನೊಂದು ದಿನವಾಯಿತು. ಬಾಗಿಲಲ್ಲಿ ನಿಂತು ನೋಡುತ್ತಾರೆ, ಅವಳು ಅವರ ಕಡೆ ತಿರುಗಿ ಕೈಕಾಲು ಆಡಿಸಿದರೆ ಹಿತ್ತಲಿಗೆ ಹೋಗಿಬಿಡುತ್ತಾರೆ. ಅವಳಿಗೆ ಅವರ ದಪ್ಪ ದನಿಯೇ ಬೇಕು, ನಾನು ಎಷ್ಟು ಹಾಡಿದರೂ ಮಲಗುವುದಿಲ್ಲ. ಹೊತ್ತು ಹೊತ್ತು ನನ್ನ ತೋಳು ಸೋತಿದೆ. ನಾನು ಕೊಟ್ಟರೆ ಅವರು ತೆಗೆದುಕೊಳ್ಳುತ್ತಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಬನ್ನಿ. ಮೆಟ್ಟಿಲ ತನಕ ಬಂದು ಇಳಿಯಬೇಡಿ. ಕ್ಷಮೆ ಕೇಳಲು ಬರಬೇಡಿ, ಅದನ್ನು ಕೇಳುವ ತಾಳ್ಮೆ ನನಗಿಲ್ಲ. ಬಾಗಿಲಲ್ಲೇ ಮಗುವನ್ನು ನಿಮ್ಮ ಕೈಗೆ ಕೊಡುತ್ತೇನೆ, ಐದು ಕೇಜಿ ಇದ್ದಾಳೆ, ಕುತ್ತಿಗೆ ಇನ್ನೂ ಸರಿಯಾಗಿ ನಿಂತಿಲ್ಲ, ಕೈ ಆನಿಸಿ ಹಿಡಿಯಬೇಕು. ಹಿಡಿದುಕೊಂಡು ಒಳಗೆ ಹೋಗಿ ಅವಳನ್ನು ಅಪ್ಪನ ಕೈಯಲ್ಲಿ ಇಡಿ. ಅವರು ಬೇಡ ಎಂದು ಹಿಂದೆ ಸರಿಯುತ್ತಾರೆ. ಇಡುವವರೆಗೂ ನೀವು ಹೊರಗೆ ಬರಕೂಡದು.

ಇತಿ,
ಮಗುವಿನ ತಾಯಿ